ಏಕಶೃಂಗಿ: ಲಾಯದ ಪ್ರಾಣಿಯೋ, ಕೊಟ್ಟಿಗೆಯ ಪ್ರಾಣಿಯೋ?

ಮಕ್ಕಳ ಶಾಲಾಚೀಲ, ನೀರಿನ ಬಾಟಲಿ ಹಾಗೂ ಹುಟ್ಟುಹಬ್ಬದ ಕೇಕುಗಳ ಮೇಲೆ ಇಂದು ಎಲ್ಲೆಡೆ ಕಾಣಸಿಗುವ ಯೂನಿಕಾರ್ನ್, ಅಂದರೆ ಹಣೆಯ ನಡುವೆ ಒಂದೇ ಕೊಂಬುಳ್ಳ ಏಕಶೃಂಗಿ, ಸಾಮಾನ್ಯವಾಗಿ ಗಿಡ್ಡ ಕಾಲಿನ, ದಟ್ಟ ಕೇಸರದ ಪುಟ್ಟ ಕುದುರೆಯ ರೂಪದಲ್ಲಿರುವುದರಿಂದ, ಅದು ತಟ್ಟುವಿನ ತಲೆಗೆ ಕೊಂಬು ಅಂಟಿಸಿದ ಚಿತ್ರವೆಂದೇ ಬಹುತೇಕರು ಭಾವಿಸುತ್ತಾರೆ. ತಟ್ಟು ನಿಜವಾದ ಪ್ರಾಣಿ, ಏಕಶೃಂಗಿ ಕಲ್ಪನೆಯ ಪ್ರಾಣಿ ಎಂದು ಹೇಳಿ ಚರ್ಚೆಯನ್ನು ಅಲ್ಲಿಗೇ ಮುಗಿಸಬಹುದಾದರೂ, ಕಲ್ಪನೆಯ ಪ್ರಾಣಿಗೂ ಒಂದು ದೇಹರಚನೆ ಇರುತ್ತದೆ. ಆ ರಚನೆಯನ್ನು ಪ್ರಾಣಿಶಾಸ್ತ್ರದ ನಿಯಮಗಳ ಪ್ರಕಾರ ಪರಿಶೀಲಿಸಿದರೆ ಏಕಶೃಂಗಿಯ ನೆಂಟಸ್ತನ ಕುದುರೆಯ ಲಾಯಕ್ಕಿಂತ ದನದ ಕೊಟ್ಟಿಗೆಗೆ ಹತ್ತಿರವಾಗಿ ತೋರುತ್ತದೆ; ಇದನ್ನು ಮನಗಾಣಲು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂತಹ ದನ ಸಾಕುವ ಸೀಮೆಯೇ ಸಾಕು.

ತಟ್ಟು ಎಂಬುದು ಕುದುರೆಯ ಮರಿಯೂ ಅಲ್ಲ, ಬೇರೆ ಪ್ರಭೇದವೂ ಅಲ್ಲ. ರೇಸಿನ ಕುದುರೆಯೂ ಜಟಕಾ ಎಳೆಯುತ್ತಿದ್ದ ತಟ್ಟುವೂ ಈಕ್ವಸ್ ಕ್ಯಾಬಲಸ್ ಎಂಬ ಒಂದೇ ಪ್ರಭೇದಕ್ಕೆ ಸೇರಿದ್ದು, ಎರಡರ ಜೀವಕೋಶಗಳಲ್ಲಿಯೂ 64 ವರ್ಣತಂತುಗಳಿರುತ್ತವೆ. ಇವುಗಳನ್ನು ಬೇರ್ಪಡಿಸುವ ಗೆರೆ ಬಹುಮಟ್ಟಿಗೆ ಮನುಷ್ಯರು ಒಪ್ಪಿಕೊಂಡ ಒಂದು ಅಳತೆ: ಕತ್ತು ಬೆನ್ನಿಗೆ ಸೇರುವಲ್ಲಿನ ಉಬ್ಬಿನವರೆಗೆ ನೆಲದಿಂದ ಅಳೆದಾಗ 14.2 ಹ್ಯಾಂಡ್ ಮೀರದ ಕುದುರೆ ತಟ್ಟು ಎನಿಸಿಕೊಳ್ಳುತ್ತದೆ. ಒಂದು ಹ್ಯಾಂಡ್ ಎಂದರೆ ನಾಲ್ಕು ಇಂಚು. ಇಲ್ಲಿನ ಚುಕ್ಕೆ ದಶಮಾಂಶದ್ದಲ್ಲವಾದ್ದರಿಂದ ಆ ಅಳತೆಯನ್ನು 14 ಹ್ಯಾಂಡ್ ಮತ್ತು 2 ಇಂಚು, ಅಂದರೆ ಸುಮಾರು 147 ಸೆಂಟಿಮೀಟರ್ ಎಂದು ಓದಬೇಕು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಿಂದ ಅಶ್ವಪಾಲನೆಗೆ ಹೆಸರಾದ ತುಮಕೂರು ಜಿಲ್ಲೆಯ ಕುಣಿಗಲ್ ಫಾರಂನಲ್ಲಿ ಬೆಳೆದ ಥರೋಬ್ರೆಡ್ ತಳಿಯ ರೇಸ್ ಕುದುರೆಗಳು ಸಾಮಾನ್ಯವಾಗಿ 16 ಹ್ಯಾಂಡ್ ಆಸುಪಾಸಿನಲ್ಲಿದ್ದರೆ, ಪೋಲೊ ಆಟಕ್ಕೆ ಪ್ರಸಿದ್ಧವಾದ ಮಣಿಪುರಿ ತಟ್ಟು 11ರಿಂದ 13 ಹ್ಯಾಂಡ್‌ಗಳಲ್ಲೇ ನಿಲ್ಲುತ್ತದೆ. ಎಲ್‌ಸಿಓಆರ್‌ಎಲ್, ಎಚ್‌ಎಂಜಿಎ2 ಮುಂತಾದ ಬೆರಳೆಣಿಕೆಯ ವಂಶವಾಹಿಗಳಲ್ಲಿನ ಬದಲಾವಣೆಗಳೇ ಕುದುರೆ ತಳಿಗಳ ಗಾತ್ರಭೇದದ ಬಹುಪಾಲನ್ನು ನಿರ್ಧರಿಸುತ್ತವೆ ಎಂಬುದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ. ಎತ್ತರದ ಜೊತೆಗೆ ಮೋಟುಗಾಲು, ಅಗಲವಾದ ಎದೆಗೂಡು, ದಪ್ಪ ಕತ್ತು ಮತ್ತು ಒರಟು ಮೇವಿನಲ್ಲೇ ಮೈಗೂಡುವ ಮಿತವ್ಯಯದ ಪ್ರಕೃತಿಯೂ ತಟ್ಟುವಿನ ಲಕ್ಷಣಗಳಾಗಿದ್ದು, ಈ ಮಿತವ್ಯಯದ ಕಾರಣದಿಂದಲೇ ಹುಲುಸಾದ ಹಸಿರು ಮೇವು ಅತಿಯಾದರೆ ಅದರ ಗೊರಸಿನೊಳಗೆ ಉರಿಯೂತ ಉಂಟಾಗುವ ಅಪಾಯ ದೊಡ್ಡ ಕುದುರೆಗಳಿಗಿಂತ ಹೆಚ್ಚು.

ಏಕಶೃಂಗಿಯ ವಿಷಯಕ್ಕೆ ಬಂದರೆ, ಆಟಿಕೆಯ ಅಂಗಡಿಗಿಂತ ಹಳೆಯ ಚಿತ್ರಗಳನ್ನು ನೋಡುವುದೇ ಲೇಸು. ಪ್ಯಾರಿಸ್ಸಿನ ಕ್ಲೂನಿ ಸಂಗ್ರಹಾಲಯದಲ್ಲಿರುವ, ಸುಮಾರು 1500ರಲ್ಲಿ ನೇಯ್ದ ಚಿತ್ರಪರದೆಗಳಲ್ಲಿಯೂ ಸ್ಕಾಟ್ಲೆಂಡಿನ ರಾಜಲಾಂಛನದಲ್ಲಿಯೂ ಕಾಣುವ ಏಕಶೃಂಗಿಗೆ ಮೇಕೆಯ ಗಡ್ಡವಿದೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಇಬ್ಭಾಗವಾದ ಸೀಳುಗೊರಸು ಇದೆ. ಸಾಮಾನ್ಯ ನೋಟಕ್ಕೆ ಅಲಂಕಾರವೆನಿಸುವ ಈ ವಿವರ ಪ್ರಾಣಿಶಾಸ್ತ್ರಜ್ಞರ ಪಾಲಿಗೆ ನಿರ್ಣಾಯಕವಾದದ್ದು. ಪ್ರತಿ ಕಾಲಿನ ಒಂದೇ ಬೆರಳಿನ ಮೇಲೆ ನಿಲ್ಲುವ ಕುದುರೆ, ತಟ್ಟು, ಕತ್ತೆಗಳು ಬೆಸಬೆರಳಿನ ಗಣಕ್ಕೆ ಸೇರಿದರೆ, ಎರಡು ಬೆರಳುಗಳ ಮೇಲೆ ನಿಲ್ಲುವ ದನ, ಮೇಕೆ, ಜಿಂಕೆಗಳು ಸಮಬೆರಳಿನ ಗಣಕ್ಕೆ ಸೇರುತ್ತವೆ. ಸೀಳುಗೊರಸಿದ್ದು ಕೊಂಬೂ ಇರುವ ಇಂದಿನ ಪ್ರಾಣಿಗಳೆಲ್ಲ ಮೆಲುಕು ಹಾಕುವಂಥವು. ಅವುಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುತ್ತವೆ, ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿರುವುದಿಲ್ಲ. ತಟ್ಟುವಿಗಾದರೋ ಮೇಲೂ ಕೆಳಗೂ ಬಾಚಿಹಲ್ಲುಗಳಿದ್ದು, ಒಂದೇ ಕೋಣೆಯ ಹೊಟ್ಟೆಯನ್ನು ದಾಟಿದ ಮೇವು ಹಿಂಗರುಳಿನಲ್ಲಿ ಸೂಕ್ಷ್ಮಜೀವಿಗಳ ನೆರವಿನಿಂದ ಹುದುಗುತ್ತದೆ. ಹೀಗಾಗಿ ಹಳೆಯ ಚಿತ್ರಗಳ ಏಕಶೃಂಗಿ ಎಂದಾದರೂ ಜೀವತಳೆದಿದ್ದರೆ ಅದು ಉಂಡು ಮಲಗಿ ಮೆಲುಕು ಹಾಕುತ್ತಿತ್ತೆಂದು ಊಹಿಸುವುದು ತಪ್ಪಾಗಲಾರದು.

ಕೊಂಬಿನ ಸಾಕ್ಷ್ಯವೂ ಇದೇ ದಿಕ್ಕಿಗೆ ಬೆರಳು ಮಾಡುತ್ತದೆ. ದನದ ಕೊಂಬಿನ ಒಳಗೆ ತಲೆಬುರುಡೆಗೆ ಬೆಸೆದ ಮೂಳೆಯ ತಿರುಳಿದ್ದು, ಅದರ ಮೇಲೆ ಉಗುರು ಮತ್ತು ಗೊರಸುಗಳನ್ನು ರೂಪಿಸುವ ಕೆರಾಟಿನ್ ಎಂಬ ಪ್ರೋಟೀನಿನ ಕವಚವಿರುತ್ತದೆ. ಆದರೆ ಕರು ಹುಟ್ಟಿದಾಗ ಈ ಬೆಸುಗೆ ಇರುವುದಿಲ್ಲ; ಕೊಂಬಿನ ಮೊಗ್ಗು ಚರ್ಮದಲ್ಲಿದ್ದು, ಬುರುಡೆಗೆ ಅಂಟಿಕೊಳ್ಳಲು ಹಲವು ವಾರಗಳು ಬೇಕಾಗುತ್ತವೆ. ಮಿಶ್ರತಳಿ ಕರುಗಳಿಗೆ ಕೊಂಬು ಬಾರದಂತೆ ಪಶುವೈದ್ಯರು ಎಳವೆಯಲ್ಲೇ ಮೊಗ್ಗನ್ನು ಸುಡುವುದು ಈ ಕಾರಣಕ್ಕಾಗಿಯೇ. ಸೀಳುಗೊರಸಿನ ಪ್ರಾಣಿಗಳ ಹಣೆಯ ಮೂಳೆ ನಡುವೆ ಇಬ್ಭಾಗವಾಗಿರುವುದರಿಂದ ಆ ಸಂದಿನ ಮೇಲೆ ಒಂಟಿಕೊಂಬು ಬೆಳೆಯಲಾರದೆಂದು ಫ್ರಾನ್ಸಿನ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞ ಜಾರ್ಜ್ ಕುವಿಯೆ 19ನೇ ಶತಮಾನದ ಆರಂಭದಲ್ಲಿ ವಾದಿಸಿದ್ದನು. ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಡವ್ 1933ರಲ್ಲಿ ಐರ್‌ಶೈರ್ ತಳಿಯ ಎಳೆಯ ಹೋರಿಗರುವಿನ ಎರಡೂ ಮೊಗ್ಗುಗಳನ್ನು ತೆಗೆದು, ಅಂಚುಗಳನ್ನು ಸವರಿ, ಹಣೆಯ ನಡುವೆ ಒಂದಕ್ಕೊಂದು ತಾಗುವಂತೆ ಕಸಿ ಮಾಡಿದಾಗ, ಅವು ಕೂಡಿಕೊಂಡು ಬುರುಡೆಗೆ ಬೆಸೆದು ಒಂದೇ ಗಟ್ಟಿಕೊಂಬಾಗಿ ಬೆಳೆದವು. ಕುವಿಯೆಯಂತಹ ಘನವಿದ್ವಾಂಸನ ವಾದವನ್ನು ಒಂದು ಹೋರಿ ಸುಳ್ಳಾಗಿಸಿತು. ಇದೇ ಕಸಿಯನ್ನು ತಟ್ಟುವಿನಲ್ಲಿ ಮಾಡಲು ಸಾಧ್ಯವೇ ಇಲ್ಲ, ಏಕೆಂದರೆ ಅದಕ್ಕೆ ಕೊಂಬಿನ ಮೊಗ್ಗೇ ಇರುವುದಿಲ್ಲ.

ಈ ವಾದಕ್ಕೊಂದು ತೊಡಕಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ನಿಜವಾಗಿ ಒಂದೇ ಕೊಂಬುಳ್ಳ ಭಾರತದ ಖಡ್ಗಮೃಗ ಸೇರುವುದು ಕುದುರೆಯ ಗಣಕ್ಕೇ ಹೊರತು ದನದ ಗಣಕ್ಕಲ್ಲ. ಪರ್ಷಿಯಾದ ಆಸ್ಥಾನದಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಕ್ಟೀಸಿಯಸ್, ಕ್ರಿ.ಪೂ. 400ರ ಸುಮಾರಿಗೆ, ಭಾರತದಲ್ಲಿ ಹಣೆಯ ಮೇಲೆ ಒಂದು ಕೊಂಬುಳ್ಳ ಕಾಡುಕತ್ತೆಗಳಿವೆಯೆಂದೂ ಆ ಕೊಂಬಿನ ಬಟ್ಟಲಲ್ಲಿ ಕುಡಿದವರಿಗೆ ವಿಷ ತಟ್ಟದೆಂದೂ ಬರೆದದ್ದರ ಹಿಂದೆ ಖಡ್ಗಮೃಗದ ಕುರಿತ ಕೇಳ್ವಾರ್ತೆ ಬೆರೆತಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಆದರೂ ಖಡ್ಗಮೃಗದ ಕೊಂಬಿನಲ್ಲಿ ಮೂಳೆಯ ತಿರುಳಿಲ್ಲ, ಅದು ಪೂರ್ತಿ ಕೆರಾಟಿನ್. ಇರುವ ಜಾಗವೂ ಮೂಗಿನ ಮೇಲೆ. ಇನ್ನು ಯುರೋಪಿನ ಅರಮನೆಗಳಲ್ಲಿ ಏಕಶೃಂಗಿಯ ಕೊಂಬೆಂದು ಭಾರಿ ಬೆಲೆಗೆ ಮಾರಾಟವಾಗುತ್ತಿದ್ದ ತಿರುಚುಗೆರೆಯ ಉದ್ದನೆಯ ಕೋಲುಗಳು ಉತ್ತರಧ್ರುವ ಸಾಗರದ ನಾರ್ವಾಲ್ ಎಂಬ ತಿಮಿಂಗಿಲದ ದಂತಗಳೆಂದು ಡೆನ್ಮಾರ್ಕಿನ ಓಲೆ ವರ್ಮ್ 1638ರಲ್ಲಿ ತೋರಿಸಿಕೊಟ್ಟನು. ಅಂದರೆ ಆ ಕೊಂಬು ಕೊಂಬೇ ಅಲ್ಲ, ಹಲ್ಲು.

ಭಾರತದ ಏಕಶೃಂಗಿ ಇವೆಲ್ಲಕ್ಕಿಂತ ಬಹಳ ಹಳೆಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಸಿಂಧೂ ಕಣಿವೆಯ ಕಲ್ಲುಮುದ್ರೆಗಳ ಮೇಲೆ ಅತಿ ಹೆಚ್ಚು ಬಾರಿ ಕಾಣಿಸಿಕೊಳ್ಳುವ ಪ್ರಾಣಿ ಅದೇ. ಖಡ್ಗಮೃಗವನ್ನು ಅದೇ ಕುಶಲಿಗಳು ಬೇರೆ ಮುದ್ರೆಗಳಲ್ಲಿ ಮೂಗುಗೊಂಬಿನೊಡನೆ ಕರಾರುವಾಕ್ಕಾಗಿ ಕೆತ್ತಿರುವುದರಿಂದ, ಎರಡನ್ನೂ ಅವರು ಬೆರೆಸಿಕೊಂಡಿರಲಿಲ್ಲವೆಂಬುದು ಸ್ಪಷ್ಟ. ಎರಡು ಕೊಂಬಿನ ಹೋರಿಯನ್ನು ಪಕ್ಕದಿಂದ ಚಿತ್ರಿಸಿದಾಗ ಒಂದು ಕೊಂಬು ಇನ್ನೊಂದನ್ನು ಮರೆಸಿರಬೇಕೆಂಬ ವಾದ ಹಳೆಯದು. ಈ ವಾದದ ಬಲವನ್ನು ತಿಳಿಯಲು ಸಾಸಲಿನ ಆಸುಪಾಸಿನ ಹಳ್ಳಿಕಾರ್ ಎತ್ತನ್ನೋ, ಇದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಸಾಲಾಗಿ ಕಟ್ಟಿದ ಜೋಡಿಗಳನ್ನೋ ಸರಿಯಾಗಿ ಪಕ್ಕದಲ್ಲಿ ನಿಂತು ನೋಡಬೇಕು. ಹಳ್ಳಿಕಾರ್ ತಳಿಯ ಕೊಂಬುಗಳು ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ನೀಳವಾಗಿ ಸಾಗಿ, ಬಳಿಕ ತುದಿಯಲ್ಲಿ ಮುಂದಕ್ಕೆ ಬಾಗುವುದರಿಂದ, ಒಂದು ಕೋನದಲ್ಲಿ ಎರಡೂ ಸೇರಿ ಒಂದೇ ಆಗಿ ಕಾಣುತ್ತವೆ. ಆದರೆ ಈ ವಿವರಣೆಯೊಂದರಿಂದಲೇ ಮುದ್ರೆಯ ಒಗಟು ಬಿಡಿಸಿದಂತಾಗುವುದಿಲ್ಲ: ಪಕ್ಕನೋಟದ ನೆಪ ಹೇಳಲಾಗದ, ಎಲ್ಲ ದಿಕ್ಕಿನಿಂದಲೂ ನೋಡಬಹುದಾದ ಒಂಟಿಕೊಂಬಿನ ಸುಟ್ಟಮಣ್ಣಿನ ಗೊಂಬೆಗಳು ಹರಪ್ಪ, ಚನ್ಹುದಾರೋ ನೆಲೆಗಳಲ್ಲಿ ದೊರೆತಿವೆ. ಆ ಗೊಂಬೆಗಳ ಮೈಕಟ್ಟು ಕೂಡ ದನದ ಜಾತಿಯದೇ ಆಗಿದೆ.