ಊರಿನ ಹುಡುಗರೋ, ಹೊರಗಿನ ಆಟಗಾರರೋ?

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿಸಿದ ಬೀಜ ಮೂಟೆ ಸೇರಿತೆಂದರೆ ಸಕಲೇಶಪುರ–ಆಲೂರು ಸೀಮೆಯಲ್ಲಿ ಟೆನ್ನಿಸ್ ಬಾಲ್ ಕ್ರಿಕೆಟ್ಟಿನ ಕಾಲ ಶುರುವಾಗುತ್ತದೆ. ಹಾನುಬಾಳು, ಹೆತ್ತೂರು, ಯಸಳೂರು, ಪಾಳ್ಯ, ಕೆಂಚಮ್ಮನ ಹೊಸಕೋಟೆ ಎಂದು ಹೋಬಳಿಗಳ ಹೆಸರು ಹೊತ್ತ ಕರಪತ್ರಗಳು ವಾಟ್ಸ್ಆ್ಯಪ್‌ನಲ್ಲೂ ಟೀ ಅಂಗಡಿಯ ಗೋಡೆಯಲ್ಲೂ ಕಾಣಿಸಿಕೊಳ್ಳುತ್ತವೆ. ಪ್ರವೇಶ ಶುಲ್ಕ ಇಷ್ಟು, ಮೊದಲ ಬಹುಮಾನ ಇಷ್ಟು ನಗದು ಮತ್ತು ಆಕರ್ಷಕ ಟ್ರೋಫಿ, ಅಂಪೈರ್ ತೀರ್ಮಾನವೇ ಅಂತಿಮ. ಇವೆಲ್ಲ ಮಾಮೂಲು. ಕೆಲವು ಕರಪತ್ರಗಳ ಅಡಿಯಲ್ಲಿ ಮಾತ್ರ ಇನ್ನೊಂದು ಸಾಲು ಇರುತ್ತದೆ: ಹೋಬಳಿಯ ಆಟಗಾರರಿಗೆ ಮಾತ್ರ ಅವಕಾಶ, ಆಧಾರ್ ಕಾರ್ಡ್ ಕಡ್ಡಾಯ.

ಆಧಾರ್ ಕಾರ್ಡು ಕ್ರಿಕೆಟ್ ಮೈದಾನಕ್ಕೆ ಬಂದದ್ದಕ್ಕೆ ಕಾರಣವಿದೆ. ಬಹುಮಾನದ ಮೊತ್ತ ಏರಿದಂತೆ ತಂಡಗಳು ಹಾಸನದಿಂದ ಒಬ್ಬ ಬೌಲರ್, ಘಟ್ಟದ ಕೆಳಗಿನಿಂದ ಇಬ್ಬರು ಬ್ಯಾಟ್ಸ್‌ಮನ್‌ಗಳನ್ನು ಕರೆತರತೊಡಗಿದವು. ಬಂದವರಿಗೆ ಬಸ್ ಚಾರ್ಜು, ಊಟ, ಕೈಗಿಷ್ಟು. ಕಪ್ಪೇನೋ ಊರಿಗೆ ಬಂತು, ಆದರೆ ವರ್ಷವಿಡೀ ಗದ್ದೆ ಬಯಲಲ್ಲಿ ಆಡಿಕೊಂಡಿದ್ದ ಊರ ಹುಡುಗ ಬೌಂಡರಿ ಗೆರೆಯಾಚೆ ನೀರಿನ ಬಾಟಲಿ ಹಿಡಿದು ನಿಂತ. ಜಗಳವಾಯಿತು, ನಿಯಮ ಬಂತು. ಈ ಗೊಡವೆಯೇ ಬೇಡ ಎಂದವರು ಆಟಗಾರರನ್ನೇ ಹರಾಜಿಗಿಟ್ಟರು. ತಂಡಕ್ಕೊಬ್ಬ ಮಾಲೀಕ, ಒಬ್ಬ ಐಕಾನ್ ಪ್ಲೇಯರ್, ಕೂಗಲು ಇಂತಿಷ್ಟು ಪಾಯಿಂಟು. ಐಪಿಎಲ್ ಟೀವಿಯಲ್ಲಿ ನಡೆಯುವುದಷ್ಟೇ ಅಲ್ಲ, ಗ್ರಾಮ ಪಂಚಾಯಿತಿ ಮಟ್ಟಕ್ಕೂ ಇಳಿದಿದೆ.

ತೋಟದವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ. ಮೇಸ್ತ್ರಿಯ ಕೈಗೆ ಮುಂಗಡ ಕೊಟ್ಟು ಘಟ್ಟದ ಕೆಳಗಿಂದ ಆಳು ತರಿಸಿದ ಕಾಲವೂ ಇತ್ತು, ಈಗ ಅಸ್ಸಾಮಿನಿಂದ ಬಂದವರು ಲೈನ್ ಮನೆಗಳಲ್ಲಿದ್ದಾರೆ. ಕೆಲಸ ಕಲಿಸಿ ಉಳಿಸಿಕೊಳ್ಳುವುದೋ, ಸುಗ್ಗಿಗೆ ಸರಿಯಾಗಿ ಕೈ ನುರಿತವರನ್ನು ಕರೆಸಿಕೊಳ್ಳುವುದೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಹೇಳಿದ ಪ್ಲಾಂಟರ್ ಇಲ್ಲ.

ಆಟದಲ್ಲಿ ಈ ಪ್ರಶ್ನೆಗೆ ಶಾಸ್ತ್ರದ ರೂಪ ಕೊಟ್ಟದ್ದು ಅಮೆರಿಕದ ಬೇಸ್‌ಬಾಲ್. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ ಒಂದು ಉಪಾಯ ಹೂಡಿದರು. ಹಣವುಳ್ಳ ತಂಡಗಳ ಜೊತೆ ಪೈಪೋಟಿ ಮಾಡಿ ಆಟಗಾರರನ್ನು ಕೊಳ್ಳಲಾಗದೆ, ಚಿಕ್ಕ ಊರುಗಳ ಕ್ಲಬ್ಬುಗಳನ್ನೇ ಕೈಗೆ ತೆಗೆದುಕೊಂಡು ಹುಡುಗರನ್ನು ಅಲ್ಲಿ ಬೆಳೆಸಿದರು. ಆದರೆ ಬೆಳೆದ ಹುಡುಗ ತಂಡದ ಸ್ವತ್ತು. ಒಪ್ಪಂದ ಮುಗಿದರೂ ತಾನಾಗಿ ಬೇರೆಡೆ ಹೋಗುವಂತಿರಲಿಲ್ಲ. 1969ರಲ್ಲಿ ತನ್ನನ್ನು ಕೇಳದೆ ಫಿಲಡೆಲ್ಫಿಯಾಕ್ಕೆ ದಾಟಿಸಿದಾಗ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರ ಒಪ್ಪದೆ ಕೋರ್ಟಿಗೆ ಹೋದರು, 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಆ ಬೀಗ ಮುರಿದದ್ದು 1975ರ ಡಿಸೆಂಬರಿನಲ್ಲಿ, ಇನ್ನಿಬ್ಬರು ಆಟಗಾರರ ದೂರಿನ ಮೇಲೆ ಬಂದ ಮಧ್ಯಸ್ಥಿಕೆಯ ತೀರ್ಪಿನಿಂದ. ಈಗ ಅಲ್ಲಿ ದೊಡ್ಡ ಲೀಗಿನಲ್ಲಿ ಆರು ವರ್ಷ ಪೂರೈಸಿದವನು ಒಪ್ಪಂದ ಮುಗಿದೊಡನೆ ಸ್ವತಂತ್ರ. ಹೀಗಾಗಿ ಆಟವಿಲ್ಲದ ಚಳಿಗಾಲವಿಡೀ ಅಭಿಮಾನಿಗಳಿಗೆ ಅದೇ ಚರ್ಚೆ: ದುಡ್ಡು ಸುರಿದು ಪಳಗಿದವನನ್ನು ತರುವುದೋ, ತಾವೇ ಬೆಳೆಸಿದ ಹುಡುಗನಿಗೆ ಜಾಗ ಬಿಡುವುದೋ.

ನಮ್ಮಲ್ಲಿ ಆ ಚರ್ಚೆಗೆ ಜಾಗ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಒಂದೇ ಮೈದಾನವನ್ನು ಮನೆ ಎನ್ನುವ ತಂಡಗಳು ಎರಡು, ಎರಡರ ಹುಟ್ಟೂ ಬೇರೆ, ಬೆಳೆದ ಬಗೆಯೂ ಬೇರೆ.

ಮೊದಲನೆಯದು ಕರ್ನಾಟಕ ತಂಡ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದೇ ಋತುವಿನ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ತಂಡ, ಸತತ ಹದಿನೈದು ವರ್ಷ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನಲ್ಲಿ ಹೊರದಬ್ಬಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದಿತು. ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್, ಮೈಸೂರಿನ ಚಂದ್ರಶೇಖರ್, ಬ್ರಿಜೇಶ್ ಪಟೇಲ್ ಎಲ್ಲರೂ ಇಲ್ಲೇ ಬೆಳೆದವರು. ಅಲ್ಲಿಂದ 2014–15ರವರೆಗೆ ಎಂಟು ರಣಜಿ ಕಪ್ ಬಂದವು. ಬಿಸಿಸಿಐ ನಿಯಮದಂತೆ ಒಂದು ರಾಜ್ಯ ಮೂವರು ಹೊರರಾಜ್ಯದ ಆಟಗಾರರನ್ನು ಕರೆಸಿಕೊಳ್ಳಬಹುದು. ಕರ್ನಾಟಕಕ್ಕೆ ಆ ಅಗತ್ಯ ಬಿದ್ದದ್ದೇ ಕಡಿಮೆ, ಕೊಡುವುದಕ್ಕೇ ಅದರಲ್ಲಿ ಜನ ಹೆಚ್ಚು.

ಎರಡನೆಯದು 2008ರಲ್ಲಿ ಹುಟ್ಟಿದ ರಾಯಲ್ ಚಾಲೆಂಜರ್ಸ್, ಅಂದರೆ ಆರ್‌ಸಿಬಿ. ದ್ರಾವಿಡ್ ಐಕಾನ್ ಆಟಗಾರ, ಕುಂಬ್ಳೆ ಜೊತೆಗೆ. ವಿನಯ್ ಕುಮಾರ್, ಸುನಿಲ್ ಜೋಶಿ, ಅಖಿಲ್, ಅಪ್ಪಣ್ಣ, ಅರುಣ್ ಕುಮಾರ್ ಕೂಡ ಇದ್ದರು. ಪ್ರತಿ ತಂಡದಲ್ಲೂ ಅದರ ಸೀಮೆಯ ಕೆಲವರಾದರೂ ಇರಬೇಕೆಂಬ ನಿಯಮ ಆಗ ಇತ್ತು. ಮೊದಲ ವರ್ಷ ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಅದೇ ಹೊತ್ತಿನಲ್ಲಿ ಯಾರ ಗಮನಕ್ಕೂ ಹೆಚ್ಚು ಬಾರದ ಒಂದು ಆಯ್ಕೆ ನಡೆದಿತ್ತು. 19 ವರ್ಷದೊಳಗಿನವರ ಸರದಿಯಲ್ಲಿ ದೆಹಲಿ ತಂಡ ತನ್ನದೇ ಊರಿನ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್‌ರನ್ನು ಆರಿಸಿತು. ಮೂವತ್ತು ಸಾವಿರ ಡಾಲರ್‌ಗೆ ಕೊಹ್ಲಿ ಬೆಂಗಳೂರಿನ ಪಾಲಾದರು.

ಆಮೇಲಿನ ಕಥೆ ಕನ್ನಡಿಗರಿಗೆ ಬಾಯಿಪಾಠ, ಆದರೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಕಾಣುತ್ತದೆ. 2009ರಲ್ಲಿ ಸೆಂಚುರಿಯನ್‌ನಲ್ಲಿ ಐಪಿಎಲ್ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ, ಆರ್‌ಸಿಬಿ ಆಟಗಾರ. ಮುಂದೆ ಅವರು ಪುಣೆಗೆ, ಅಲ್ಲಿಂದ ಕೋಲ್ಕತ್ತಾಗೆ. 2014ರ ಜೂನ್ 1ರಂದು ಇದೇ ಚಿನ್ನಸ್ವಾಮಿಯಲ್ಲಿ ನಡೆದ ಫೈನಲ್‌ನಲ್ಲಿ 94 ರನ್ ಬಾರಿಸಿ ಕಪ್ ಕೊಟ್ಟದ್ದು ಕೋಲ್ಕತ್ತಾಗೆ. ಆ ವರ್ಷ 660 ರನ್ ಹೊಡೆದು ಕಿತ್ತಳೆ ಟೋಪಿ ತೊಟ್ಟ ಉತ್ತಪ್ಪ ಕೂಡ ಕೋಲ್ಕತ್ತಾದವರೇ. ಮಯಂಕ್, ಕರುಣ್, ರಾಹುಲ್ ಮೂವರೂ ಐಪಿಎಲ್‌ಗೆ ಕಾಲಿಟ್ಟದ್ದು ಆರ್‌ಸಿಬಿಯಲ್ಲಿ, ಹೆಸರು ಮಾಡಿದ್ದು ಬೇರೆಡೆ. ರಾಹುಲ್ ಹೈದರಾಬಾದಿಗೆ ಹೋಗಿ, 2016ಕ್ಕೆ ಮರಳಿ, ಆ ವರ್ಷ ತಂಡವನ್ನು ಫೈನಲ್‌ವರೆಗೆ ತಂದವರಲ್ಲಿ ಒಬ್ಬರಾದರು. 2018ರ ಹರಾಜಿನಲ್ಲಿ 11 ಕೋಟಿಗೆ ಪಂಜಾಬಿಗೆ ಹೋದರು. 2020ರಲ್ಲಿ 473 ರನ್ ಗಳಿಸಿದ ದೇವದತ್ತ ಪಡಿಕ್ಕಲ್ ಎರಡು ವರ್ಷ ಕಳೆಯುವಷ್ಟರಲ್ಲಿ ರಾಜಸ್ಥಾನದವರಾಗಿದ್ದರು.

ದೊಡ್ಡ ಹರಾಜಿಗೆ ಮುನ್ನ ಪ್ರತಿ ತಂಡವೂ ಯಾರನ್ನು ಉಳಿಸಿಕೊಳ್ಳುವುದೆಂದು ಪಟ್ಟಿ ಕೊಡಬೇಕು. ತಂಡದ ಮನಸ್ಸು ತಿಳಿಯಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. 2011ರಲ್ಲಿ ಕೊಹ್ಲಿ ಒಬ್ಬರೇ. 2014ರಲ್ಲಿ ಕೊಹ್ಲಿ, ಗೇಲ್, ಡಿವಿಲಿಯರ್ಸ್. 2018ರಲ್ಲಿ ಕೊಹ್ಲಿ, ಡಿವಿಲಿಯರ್ಸ್, ಸರ್ಫರಾಜ್. 2022ರಲ್ಲಿ ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್. 2025ಕ್ಕೆ ಕೊಹ್ಲಿ, ಪಾಟೀದಾರ್, ಯಶ್ ದಯಾಳ್. ಐದು ಪಟ್ಟಿ, ಒಬ್ಬನೇ ಒಬ್ಬ ಕರ್ನಾಟಕದ ಆಟಗಾರನಿಲ್ಲ.

ಇದನ್ನು ಕನ್ನಡಿಗರಿಗೆ ಮಾಡಿದ ಅನ್ಯಾಯವೆಂದು ಕೂಗುವುದು ಸುಲಭ, ಹಾಗೆ ಕೂಗಿದವರೂ ಬೇಕಾದಷ್ಟಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಪಾಟೀದಾರ್ ಇಂದೋರಿನವರು, ನಿಜ. 2022ರ ಹರಾಜಿನಲ್ಲಿ ಯಾರೂ ಅವರನ್ನು ಕೊಳ್ಳಲಿಲ್ಲ. ಆರ್‌ಸಿಬಿಯಲ್ಲಿದ್ದ ಕರ್ನಾಟಕದ ವಿಕೆಟ್ ಕೀಪರ್ ಲವನೀತ್ ಸಿಸೋಡಿಯ ಗಾಯಗೊಂಡಾಗ ಬದಲಿಗೆ ಬಂದವರು, ಆ ವರ್ಷದ ಎಲಿಮಿನೇಟರ್‌ನಲ್ಲಿ ಅಜೇಯ 112 ಹೊಡೆದರು. ಮೂರು ವರ್ಷದ ನಂತರ ಅವರೇ ನಾಯಕ. ಹರಾಜಿನ ಬೆಲೆಯಲ್ಲಿ ಅಲ್ಲ, ಬೆಂಚಿನ ಮೇಲೆ ಬೆಳೆದ ಆಟಗಾರ ಅವರು. ಕೊಹ್ಲಿ ಹತ್ತೊಂಬತ್ತಕ್ಕೆ ಬಂದು 2025ರ ಹೊತ್ತಿಗೆ ಹದಿನೆಂಟು ಋತು ಕಳೆದವರು. ಹುಟ್ಟೂರಿನ ಲೆಕ್ಕ ಬಿಟ್ಟು ಬೆಳೆಸಿದ ಲೆಕ್ಕ ಹಿಡಿದರೆ ಇವರಿಬ್ಬರೂ ಆರ್‌ಸಿಬಿಯ ಮನೆಮಕ್ಕಳೇ. ಆದರೆ ಆ ತಾಳ್ಮೆ ರಾಹುಲ್ ಮೇಲೋ ಮಯಂಕ್ ಮೇಲೋ ತೋರಲಿಲ್ಲವಲ್ಲ ಎಂಬ ಕೊರಗಿಗೆ ಆಧಾರವಿಲ್ಲದಿಲ್ಲ.

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ರಾಹುಲ್ ಹೆಸರು ಕೂಗಿದಾಗ ಬೆಂಗಳೂರು ಸ್ವಲ್ಪ ದೂರ ಬೆನ್ನಟ್ಟಿ ಕೈಬಿಟ್ಟಿತು. 14 ಕೋಟಿಗೆ ದೆಹಲಿ ಒಯ್ದಿತು. ಆ ದುಡ್ಡು ಹೇಜಲ್‌ವುಡ್ (12.5 ಕೋಟಿ), ಸಾಲ್ಟ್ (11.5), ಜಿತೇಶ್ (11), ಭುವನೇಶ್ವರ್ (10.75), ಕೃಣಾಲ್ (5.75) ಎಂದು ಹಂಚಿಹೋಯಿತು. ಪಡಿಕ್ಕಲ್ ಮೂಲಬೆಲೆ 2 ಕೋಟಿಗೆ ಮರಳಿದರು. ಮುಂದಿನ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ರಾಹುಲ್ ಅಜೇಯ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿ, ಬ್ಯಾಟಿನಿಂದ ನೆಲದಲ್ಲಿ ವೃತ್ತ ಎಳೆದು ನಿಂತರು. ‘ಕಾಂತಾರ’ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋತ ತಂಡದ ಅಭಿಮಾನಿಗಳಲ್ಲೂ ಅನೇಕರು ಒಳಗೊಳಗೇ ಖುಷಿಪಟ್ಟ ಸೋಲು ಅದೊಂದೇ ಇರಬೇಕು.

ಆದರೂ ಆ ಲೆಕ್ಕ ಫಲ ಕೊಟ್ಟಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಕಪ್ ಎತ್ತಿತು. 17 ರನ್‌ಗೆ 2 ವಿಕೆಟ್ ಪಡೆದ ಕೃಣಾಲ್ ಪಂದ್ಯಶ್ರೇಷ್ಠ. ಗಾಯಾಳು ಪಡಿಕ್ಕಲ್ ಬದಲಿಗೆ ಬಂದ ಮಯಂಕ್ ಫೈನಲ್ ಆಡಿದರು. ಮರುದಿನ ಚಿನ್ನಸ್ವಾಮಿಯ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು, ಆ ಗೆಲುವನ್ನು ನೆನೆದಾಗಲೆಲ್ಲ ಇದನ್ನೂ ನೆನೆಯಬೇಕು. ಇನ್ನೊಂದನ್ನು ಗಂಡಸರ ಕಪ್ಪಿನ ಗದ್ದಲದಲ್ಲಿ ಮರೆಯುತ್ತೇವೆ. ಆರ್‌ಸಿಬಿಗೆ ಮೊದಲ ಕಪ್ ತಂದದ್ದು ಹೆಣ್ಣುಮಕ್ಕಳು, 2024ರ ಮಾರ್ಚ್‌ನಲ್ಲಿ. ಆ ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ಕಿತ್ತದ್ದು ಶ್ರೇಯಾಂಕಾ ಪಾಟೀಲ್. ಹಿಂದಿನ ವರ್ಷ 10 ಲಕ್ಷಕ್ಕೆ ಕೊಂಡ ನಮ್ಮದೇ ಹುಡುಗಿ.

ಇತ್ತ ಕರ್ನಾಟಕ ತಂಡಕ್ಕೂ ಗಾಳಿ ತಾಗದೆ ಇರಲಿಲ್ಲ. ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದಿದ್ದ ಕರುಣ್ ನಾಯರ್‌ಗೆ ರಾಜ್ಯ ತಂಡದಲ್ಲೇ ಜಾಗ ಸಿಗದಾಯಿತು. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2024–25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಅಲ್ಲಿನ ನಾಯಕರಾಗಿ ಐದು ಶತಕ, 779 ರನ್. ಫೈನಲ್‌ನಲ್ಲಿ ಎದುರಾದದ್ದು ಕರ್ನಾಟಕವೇ. ಕರ್ನಾಟಕ 36 ರನ್‌ಗಳಿಂದ ಗೆದ್ದಿತು, ಶತಕ ಹೊಡೆದದ್ದು ಸ್ಮರಣ್ ರವಿಚಂದ್ರನ್ ಎಂಬ ಹೊಸ ಹುಡುಗ. ಬಿಟ್ಟುಕೊಟ್ಟವನ ಜಾಗಕ್ಕೆ ಬೆಳೆದು ನಿಂತವನು ಸಿಕ್ಕ ಎಂದು ಬೀಗುವಷ್ಟರಲ್ಲಿ ಕರುಣ್ ರಣಜಿಯಲ್ಲಿ 863 ರನ್ ಹೊಡೆದು, ಫೈನಲ್‌ನಲ್ಲಿ ಶತಕ ಬಾರಿಸಿ ವಿದರ್ಭಕ್ಕೆ ಕಪ್ ಕೊಟ್ಟರು, ಭಾರತ ತಂಡಕ್ಕೂ ಮರಳಿದರು. ಆಮೇಲೆ ಕರ್ನಾಟಕ ಅವರನ್ನು ವಾಪಸು ಕರೆಸಿಕೊಂಡಿತು.

ಈ ಎರಡು ತಂಡಗಳ ಜಗಳದಲ್ಲಿ ನಮ್ಮ ಹಾಸನ ಜಿಲ್ಲೆ ಎಲ್ಲಿದೆ? 1996ರ ಡಿಸೆಂಬರಿನ ಡರ್ಬನ್ ಟೆಸ್ಟಿನಲ್ಲಿ ಭಾರತದ ಮುಖ್ಯ ಬೌಲರ್‌ಗಳು ನಾಲ್ವರೂ ಕರ್ನಾಟಕದವರು: ಶ್ರೀನಾಥ್, ಪ್ರಸಾದ್, ಕುಂಬ್ಳೆ, ಡೇವಿಡ್ ಜಾನ್ಸನ್. ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಶ್ರೀನಾಥ್ ಮೈಸೂರಿನವರಾದರೂ ಹೆಸರಿನಲ್ಲಿರುವ ಜಾವಗಲ್ ಅದೇ ಅರಸೀಕೆರೆ ತಾಲ್ಲೂಕಿನದು. ಭಾರತ 100 ಮತ್ತು 66ಕ್ಕೆ ಮುದುರಿ 328 ರನ್‌ಗಳಿಂದ ಸೋತ ಪಂದ್ಯ ಅದು, ಬೌಲರ್‌ಗಳದೇನೂ ತಪ್ಪಿರಲಿಲ್ಲ. ಎರಡೇ ಟೆಸ್ಟ್ ಆಡಿ ಮೂರು ವಿಕೆಟ್ ಪಡೆದ ಜಾನ್ಸನ್ 2024ರ ಜೂನ್‌ನಲ್ಲಿ ತೀರಿಕೊಂಡರು.

ಅದು ಬಯಲುಸೀಮೆಯ ಅರಸೀಕೆರೆ. ಬೆಟ್ಟದ ಕಡೆ ಕಷ್ಟ ಇನ್ನೊಂದು ಬಗೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಂಬುದು ಕೆರೆ. ಉಳಿದ ತಿಂಗಳಲ್ಲಿ ಆಡುವುದು ಟೆನ್ನಿಸ್ ಬಾಲ್, ಆಯ್ಕೆದಾರರು ನೋಡುವುದು ಲೆದರ್ ಬಾಲ್. ಟೆನ್ನಿಸ್ ಚೆಂಡಿಗೆ ಭುಜದ ಬಲದಿಂದ ಸಿಕ್ಸರ್ ಎತ್ತಿದವನಿಗೆ ಹೊಲಿಗೆಯ ಮೇಲೆ ಬಿದ್ದು ಹೊರಳುವ ಚೆಂಡು ಬೇರೆಯೇ ಪಾಠ. ಪಕ್ಕದ ಕೊಡಗಿನ ಕೆ.ಸಿ. ಕಾರ್ಯಪ್ಪ ದಾರಿ ಇದೆಯೆಂದು ತೋರಿಸಿದರು. ಕರ್ನಾಟಕ ಪ್ರೀಮಿಯರ್ ಲೀಗ್, ಅಂದರೆ ಕೆಪಿಎಲ್‌ನಲ್ಲಿ ಬಿಜಾಪುರ ಬುಲ್ಸ್ ಪರ ಸ್ಪಿನ್ ಹಾಕಿ ಕಣ್ಣಿಗೆ ಬಿದ್ದು, ಒಂದೂ ರಣಜಿ ಪಂದ್ಯ ಆಡದೆಯೇ 2015ರಲ್ಲಿ 2.4 ಕೋಟಿಗೆ ಹರಾಜಾದರು, ಕೋಲ್ಕತ್ತಾಗೆ. ಕೆಪಿಎಲ್ 2019ರ ಫಿಕ್ಸಿಂಗ್ ಹಗರಣದೊಂದಿಗೆ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಬಂದ ಮೇಲೆ ಆ ಬಾಗಿಲು ಮತ್ತೆ ತೆರೆದಿದೆ. 2023ರ ಹರಾಜಿನಲ್ಲಿ ಅಭಿನವ್ ಮನೋಹರ್‌ಗೆ ಶಿವಮೊಗ್ಗ 15 ಲಕ್ಷ ಕೊಟ್ಟಿತು.

ಆದರೆ ಆ ಬಾಗಿಲವರೆಗೆ ಹೋಗಬೇಕಾದರೆ ಹೆತ್ತೂರಿನ ಹುಡುಗ ಹದಿಮೂರು ಹದಿನಾಲ್ಕರ ವಯಸ್ಸಿಗೇ ಊರು ಬಿಡಬೇಕು. ಮೊದಲು ಹಾಸನ, ಆಮೇಲೆ ಬೆಂಗಳೂರು. ಚಿಕ್ಕಮ್ಮನ ಮನೆ ಇದ್ದರೆ ಸರಿ, ಇಲ್ಲದಿದ್ದರೆ ಪೀಜಿ. ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಲೀಗಿನಲ್ಲಿ ಆಡುವ ಯಾವುದಾದರೊಂದು ಕ್ಲಬ್ಬು, ಶಾಲೆ, ಬೆಳಗಿನ ನೆಟ್ಸ್, ಕಿಟ್ಟಿನ ಖರ್ಚು. ಎರಡೆಕರೆ ತೋಟದವರಿಗೆ ಇದು ಕಾಫಿ ರೇಟಿನ ಮೇಲೆ ನಿಂತ ಮಾತು. ಇಷ್ಟೆಲ್ಲ ದಾಟಿ ಅವನು ರಾಜ್ಯದ ಹದಿನಾರರ ತಂಡಕ್ಕೆ ಬಂದನೆನ್ನಿ, ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಇರುವುದು ಬೆಂಗಳೂರಿನ ಕ್ಲಬ್ಬಿನ ಹೆಸರು.