ಹಸಿರು ಬಣ್ಣ ಬಳಿದ ಹೆಸರುಗಳು

ಅಮೆರಿಕೆಯ ಬಹುತೇಕ ರಾಜ್ಯಗಳಲ್ಲಿ, ಅಪರಾಧ ವಿಚಾರಣೆಗೆ ಜ್ಯೂರಿಯನ್ನು ಆರಿಸುವಾಗ, ಕೆಲವರನ್ನು ಕಾರಣವನ್ನೇ ಹೇಳದೆ ತಿರಸ್ಕರಿಸುವ ಅಧಿಕಾರ ಉಭಯ ಪಕ್ಷದ ವಕೀಲರಿಗೂ ಉಂಟು. ಕಪ್ಪುಜನರು ಜ್ಯೂರಿಯ ಸನಿಹಕ್ಕೂ ಬಾರದಂತೆ ತಡೆಯಲು ಬಹುಕಾಲ ಬಳಕೆಯಾದ ಅಸ್ತ್ರವೂ ಇದೇ. 1986ರ ಬ್ಯಾಟ್ಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವರ್ಣದ ನಿಮಿತ್ತ ಯಾರನ್ನೂ ತಿರಸ್ಕರಿಸಕೂಡದೆಂದೂ, ಹಾಗೆಂದು ಸಂಶಯವೆದ್ದಲ್ಲಿ ಪ್ರಾಸಿಕ್ಯೂಟರು ವರ್ಣೇತರ ಕಾರಣವೊಂದನ್ನು ಕೊಡಬೇಕೆಂದೂ ವಿಧಿಸಿತು. ಆದರೆ ಕಾರಣವೊಂದನ್ನು ಕಲ್ಪಿಸಿ ನುಡಿಯುವುದು ಅಷ್ಟೇನು ದುಸ್ಸಾಧ್ಯವೆ?

ಮರುವರ್ಷವೇ ಜಾರ್ಜಿಯಾದಲ್ಲಿ, ಕೊಲೆಯ ಆರೋಪ ಹೊತ್ತ ಕಪ್ಪು ತರುಣನೊಬ್ಬನ ವಿಚಾರಣೆಯಲ್ಲಿ, ಅರ್ಹರಾಗಿ ಉಳಿದಿದ್ದ ನಾಲ್ವರು ಕಪ್ಪುಜನರನ್ನೂ ಪ್ರಾಸಿಕ್ಯೂಟರು ನಾನಾ ಕಾರಣಗಳನ್ನೊಡ್ಡಿ ತಿರಸ್ಕರಿಸಲಾಗಿ, ಬಿಳಿಯರಷ್ಟೇ ಕುಳಿತ ಜ್ಯೂರಿ ಅವನಿಗೆ ಮರಣದಂಡನೆ ವಿಧಿಸಿತು. ಸುಮಾರು ಎರಡು ದಶಕಗಳ ತರುವಾಯ, ಸಾರ್ವಜನಿಕ ದಾಖಲೆಗಳ ಕಾಯಿದೆಯ ಮೂಲಕ ಕಡತ ಹೊರಬಂದಾಗ, ಪ್ರಾಸಿಕ್ಯೂಷನ್ನಿನ ಪಟ್ಟಿಯಲ್ಲಿ ಕಪ್ಪುಜನರ ಹೆಸರುಗಳಿಗೆಲ್ಲ ಹಸಿರು ಬಣ್ಣ ಬಳಿದಿತ್ತು. ಪಕ್ಕದಲ್ಲಿ ಅವರ ವರ್ಣವನ್ನು ಸೂಚಿಸುವ ‘ಬಿ’ ಎಂಬ ಅಕ್ಷರ. ಹೀಗೆ ಬರೆದಿಡದೆ, ಮನಸ್ಸಿನಲ್ಲಿಯೇ ಗುರುತು ಹಾಕಿಕೊಂಡು ನಡೆಸಿದ ಆಯ್ಕೆಗಳೆಷ್ಟಿರಬಹುದೆಂದು ನೆನೆದರೆ ನನ್ನ ಮನಸ್ಸು ಕಳವಳಿಸುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟು ಏಳು-ಒಂದರ ಬಹುಮತದಿಂದ ಅವನ ಪರವಾಗಿ ತೀರ್ಪಿತ್ತಿತು. ಆ ವೇಳೆಗೆ ಅವನು ಸುಮಾರು ಮೂರು ದಶಕಗಳನ್ನು ಸೆರೆಮನೆಯಲ್ಲಿ ಕಳೆದಿದ್ದನು.