ಒಮ್ಮೆ ಗೆದ್ದ ಕ್ಯಾನ್ಸರಿನ ಲೆಕ್ಕ

ಕೂಸು ಭೂಮಿಗೆ ಬಿದ್ದ ಮೇಲೆ ಹೊಕ್ಕುಳಬಳ್ಳಿಯನ್ನೂ ಮಾಸನ್ನೂ ನೆಲದಲ್ಲಿ ಹೂಳುವುದು ಶಹಾಪುರ ಸೀಮೆಯ ಶಿರವಾಳದಂಥ ಹಳ್ಳಿಗಳ ಹಳೆಯ ವಾಡಿಕೆ. ಹಾಗೆ ಮಣ್ಣಿಗೆ ಸೇರುವ ಸುಮಾರು ನೂರು ಮಿಲಿಲೀಟರ್ ರಕ್ತದಲ್ಲಿ ಹೊಸ ರಕ್ತವನ್ನೇ ಹುಟ್ಟಿಸಬಲ್ಲ ಮೂಲಕಣಗಳಿವೆ. 1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್ಮಾನ್ ಎಂಬ ವೈದ್ಯೆ, ಫ್ಯಾಂಕೋನಿ ರಕ್ತಹೀನತೆಯಿಂದ ಬಳಲುತ್ತಿದ್ದ ಬಾಲಕನೊಬ್ಬನಿಗೆ ಅವನ ತಂಗಿಯ ಬಳ್ಳಿರಕ್ತವನ್ನು ಏರಿಸಿ ಬದುಕಿಸಿದರು. ಬಳ್ಳಿರಕ್ತದ ಕಸಿ ಆರಂಭವಾದುದು ಹೀಗೆ.

ಈ ಕಸಿಯನ್ನು ಅರಸಿ ಬರುವವರಲ್ಲಿ ಹಿಂದೊಮ್ಮೆ ಕ್ಯಾನ್ಸರನ್ನು ಗೆದ್ದವರ ಪಾಡು ವಿಚಿತ್ರವಾದುದು. ಸ್ತನದ ಗಂಟನ್ನು ಕರಗಿಸಿದ ಔಷಧವೇ, ವಿಕಿರಣವೇ ಕೆಲವು ವರ್ಷಗಳ ತರುವಾಯ ಮಜ್ಜೆಯನ್ನು ಕೆಡಿಸಿ ರಕ್ತದ ಕ್ಯಾನ್ಸರನ್ನು ತರುವುದುಂಟು. ಅಪರೂಪ, ಆದರೂ ಉಂಟು. ಸೈಕ್ಲೋಫಾಸ್ಫಮೈಡಿನಂಥ ಔಷಧಗಳಿಗೆ ಈ ಅಪವಾದ ಅಂಟಿದೆ. ಇಂಥವರಿಗೆ ಪೂರ್ಣ ಗುಣದ ಆಸೆಯಿರುವುದು ಬಹುಮಟ್ಟಿಗೆ ಕಸಿಯಲ್ಲಿ. ಒಡಹುಟ್ಟಿದವರ ಮಜ್ಜೆ ಹೊಂದದಿದ್ದಾಗ ಬಳ್ಳಿರಕ್ತವೂ ಒಂದು ದಾರಿ. ಹೊಂದಿಕೆ ಕೊಂಚ ಸಡಿಲವಾದರೂ ಅದು ನಡೆಯುತ್ತದೆ.

2005ರಲ್ಲಿ ಅಮೆರಿಕದ ಸಿಯಾಟಲಿನ ತಜ್ಞರು, ಕಸಿಗೆ ಮುನ್ನ ರೋಗಿಯ ಇತರ ಕಾಯಿಲೆಗಳಿಗೆ ಅಂಕ ಹಾಕುವ ಪಟ್ಟಿಯೊಂದನ್ನು ಪ್ರಕಟಿಸಿದರು. ಸಕ್ಕರೆ ಕಾಯಿಲೆಗೆ ಅದರಲ್ಲಿ 1 ಅಂಕ. ಹಿಂದಿನ ಕ್ಯಾನ್ಸರಿಗೆ 3. ಒಟ್ಟು 3 ಆದರೆ ರೋಗಿ ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿದಂತೆಯೇ! ಇದು ತುಸು ಒರಟು ತಕ್ಕಡಿಯೆಂದೇ ಹೇಳಬೇಕು. ಶಸ್ತ್ರಕ್ರಿಯೆಯೊಂದರಿಂದಲೇ ಗುಣವಾದವನೂ, ಡಾಕ್ಸೋರುಬಿಸಿನ್ ಪಡೆದು ಹೃದಯ ಬಳಲಿದವಳೂ, ಬ್ಲಿಯೋಮೈಸಿನ್ನಿನಿಂದ ಶ್ವಾಸಕೋಶ ಗಡುಸಾದವನೂ ಒಂದೇ ತೂಕದವರಲ್ಲ.

ಬಳ್ಳಿರಕ್ತದ ಕಸಿಯಲ್ಲಂತೂ ಈ ವ್ಯತ್ಯಾಸ ಜೀವದ ಪ್ರಶ್ನೆ. ಅದರಲ್ಲಿ ಕಣಗಳು ಕಡಿಮೆ. ದೊಡ್ಡವರಿಗೆ ಒಮ್ಮೊಮ್ಮೆ ಎರಡು ಕೂಸುಗಳ ರಕ್ತ ಬೇಕಾಗುತ್ತದೆ. ಹೊಸ ಬಿಳಿಕಣಗಳು ತಲೆಯೆತ್ತಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಸೋಂಕನ್ನು ಎದುರಿಸಬೇಕಾದುದು ಮೊದಲ ಚಿಕಿತ್ಸೆಯಲ್ಲಿಯೇ ಸವೆದ ದೇಹ. ಹಳೆಯ ಕ್ಯಾನ್ಸರ್ ಎಷ್ಟು ವರ್ಷಗಳಿಂದ ಸುಮ್ಮನಿದೆ ಎಂಬುದನ್ನೂ ನೋಡಬೇಕು, ಏಕೆಂದರೆ ಅದು ಮರಳಿದರೆ ಕಸಿ ಗೆದ್ದೂ ಸೋತಂತೆ.

ಆದುದರಿಂದ ವೈದ್ಯರು ಮೊದಲು ಕೇಳುವುದು ಹಳೆಯ ಕಾಗದಗಳನ್ನು. ಶಿರವಾಳದ ರೋಗಿಗೆ ಕ್ಯಾನ್ಸರಿನ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಶಾಖೆ ಸಮೀಪ. ಕಸಿಗಾದರೆ ಬೆಂಗಳೂರು, ಹೈದರಾಬಾದಿನಂಥ ದೂರದ ನಗರವೇ ಗತಿ. ಅಲ್ಲಿ ಯಾವ ಔಷಧ, ಎಷ್ಟು ಸಲ, ವಿಕಿರಣ ಯಾವ ಭಾಗಕ್ಕೆ ಎಂದು ಕೇಳುತ್ತಾರೆ. ಗುಣವಾಯಿತಲ್ಲ ಎಂದು ಚೀಟಿಗಳನ್ನು ಒಲೆಗೆ ಹಾಕಿದ ಮನೆಯವರು ಏನು ಹೇಳಿಯಾರು? ಡಾಕ್ಸೋರುಬಿಸಿನ್ನಿಗೆ ಜೀವಮಾನಕ್ಕೆ ಇಷ್ಟೇ ಎಂಬ ಮಿತಿಯುಂಟು; ಹಿಂದೆ ದೇಹಕ್ಕೆ ಸೇರಿದ ಪ್ರಮಾಣ ಗೊತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆ. ಆ ಹಾಳೆ ಹೊಲದ ಪಹಣಿಯೊಡನೆ ಟ್ರಂಕಿನಲ್ಲಿ ಇರತಕ್ಕದ್ದು.